ಎರಡು ದಿನದ ಮಳೆ

ಲಕ್ಕಯ್ಯ ಹಾರೆಯ ತುದಿಯನ್ನು ಮಳೆ ಅಳೆಯುವ ಡಬ್ಬಿಯ ಬುಡಕ್ಕೆ ತೂರಿಸಿ ಒಮ್ಮೆ ಮೀಟಿದ್ದ. ಇನ್ನೊಂದು ಸಲ ಮೀಟಿದ್ದರೆ ಅದು ಬುಡದ ಸಿಮೆಂಟಿನ ಸಮೇತ ಎದ್ದು ಬರುತ್ತಿತ್ತು.

“ಅದನ್ನ ಮುಟ್ಟಬೇಡ ಲಕ್ಕಯ್ಯ.”

ಲಿಲಿಯನ್ ಬಾಗಿಲಲ್ಲಿ ನಿಂತಿದ್ದರು. ನಿನ್ನೆ ಬೆಳಿಗ್ಗೆ ಎಂಟೂಕಾಲಿಗೆ ಗಂಡ ಪ್ಯಾಟ್ರಿಕ್ ತೀರಿಕೊಂಡ ಮೇಲೆ ಅವರ ಬಾಯಿಂದ ಬಂದ ಮೊದಲ ಮಾತು ಅದು. ಒಳಗೆ ಹೂವಿನ ಬುಟ್ಟಿ ಹಿಡಿದಿದ್ದ ಮಗಳು ಡೆಲ್ಸಿ ಬೆಚ್ಚಿ ತಿರುಗಿ ನೋಡಿದಳು.

“ಟಾರ್ಪಾಲ್ ಗೂಟ ಇಲ್ಲೇ ಬರ್ಬೇಕಲ್ರಮ್ಮ,” ಎಂದ ಲಕ್ಕಯ್ಯ. “ಬಂದೋರು ಕೂರೋದೆಲ್ಲಿ? ಡಬ್ಬೀನ ಆಮ್ಯಾಕೆ ನಾನೇ ನೆಟ್ಕೊಡ್ತೀನಿ.”

“ಟಾರ್ಪಾಲ್ ಅದರ ಮೇಲೆ ಬರಬಾರದು. ಆ ಕಡೆ ಸರಿಸಿ ಕಟ್ಟು.”

ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದ ಭದ್ರಮ್ಮ, ಮೂವತ್ತು ವರ್ಷ ಎಸ್ಟೇಟಿನಲ್ಲಿ ರೈಟರ್ ಪ್ಯಾಟ್ರಿಕ್ಕರ ಹಾಜರಿ ಪುಸ್ತಕದಲ್ಲಿ ಹೆಸರಿದ್ದವಳು, ಬಾಯಿಯ ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿದಳು.

“ನೋಡ್ರವ್ವ ನ್ಯಾಯಾನ. ಸಾವಿನ ಮನೆಗೆ ಬಂದ ಜನ ನೆನೀಬೇಕು, ಆ ಡಬ್ಬಿಗೆ ಮಾತ್ರ ಅಡ್ಡ ಏನೂ ಇರಬಾರ್ದು. ರೈಟ್ರು ಹೋದ್ರೂ ಅವರ ಚಾಳಿ ಇಲ್ಲೇ ಬುಟ್ಟೋಗವ್ರೆ.”

ಯಾರೋ ನಕ್ಕರು. ನಕ್ಕು, ಎಲ್ಲಿದ್ದೇವೆಂದು ನೆನಪಾಗಿ ಕೆಮ್ಮಿದರು. ಟಾರ್ಪಾಲನ್ನು ಓರೆಯಾಗಿ ಕಟ್ಟಿದರು. ಅರ್ಧ ಕುರ್ಚಿಗಳು ಮಳೆಯಲ್ಲೇ ಉಳಿದವು.

ಮಾರನಹಳ್ಳಿಯಿಂದ ಒಳಗೆ, ದಿಣ್ಣೆಯ ನೆತ್ತಿಯ ಮೇಲಿದ್ದ ಚಿಕ್ಕ ಮನೆ ಅದು. ಹೆಂಚಿನ ಹಿಂಬದಿಗೆ ಬಿದ್ದ ಹನಿ ಹೇಮಾವತಿಯ ಪಾಲು, ಮುಂಬದಿಯದು ಕೆಂಪುಹೊಳೆಗೆ ಇಳಿದು, ಘಾಟಿಯ ಬುಡದಲ್ಲಿ ಬೇರೆ ಹೊಳೆಗಳನ್ನು ಕೂಡಿಕೊಂಡು, ನೇತ್ರಾವತಿಯಾಗಿ ಮಂಗಳೂರಿನ ಅಳಿವೆಯಲ್ಲಿ ಸಮುದ್ರ ಸೇರುತ್ತಿತ್ತು. ಡಬ್ಬಿ ಇದ್ದದ್ದು ಮುಂಬದಿಯಲ್ಲಿ. ಮೊಣಕಾಲೆತ್ತರದ ತಗಡು, ಬಾಯಿಗೆ ಹಿತ್ತಾಳೆಯ ಬಳೆ, ಒಳಗೊಂದು ಲಾಳಿಕೆ. ಎಸ್ಟೇಟಿಗೆ ತನ್ನಷ್ಟಕ್ಕೆ ತಾನೇ ಮಳೆ ಅಳೆಯುವ ಮೆಷಿನು ಬಂದಾಗ ಗುಜರಿಗೆ ಹಾಕಿದ್ದನ್ನು ಪ್ಯಾಟ್ರಿಕ್ ಎತ್ತಿಕೊಂಡು ಬಂದಿದ್ದರು. ದಿನವೂ ಬೆಳಿಗ್ಗೆ ಎಂಟೂವರೆಗೆ, ನೂರು ಸೆಂಟಿಗೆ ಒಂದು ಇಂಚಿನ ಲೆಕ್ಕದಲ್ಲಿ ಅಳೆದು, ನೀರು ಚೆಲ್ಲಿ, ಎಂಟು ಮೂವತ್ತೈದಕ್ಕೆ ಮಂಗಳೂರಿಗೆ ಫೋನ್ ಮಾಡುತ್ತಿದ್ದರು. ನಿನ್ನೆಯೂ ಅದಕ್ಕಾಗಿಯೇ ಗಂಬೂಟು ಹಾಕಿಕೊಳ್ಳಲು ಜಗಲಿಯಲ್ಲಿ ಕೂತಿದ್ದರು. ಒಂದು ಕಾಲಿಗೆ ಹಾಕಿಯಾಗಿತ್ತು.

ಹತ್ತು ಗಂಟೆಯಾಯಿತು. ಹನ್ನೊಂದಕ್ಕೆ ಇಗರ್ಜಿಯಲ್ಲಿ ಪೂಜೆ. ಪ್ಯಾಟ್ರಿಕ್ಕರಿಗೆ ಗಂಡುಮಕ್ಕಳಿಲ್ಲ. ಶವದ ಪೆಟ್ಟಿಗೆಯ ತಲೆಯ ಕಡೆಗೆ ಹೆಗಲು ಕೊಡಬೇಕಾದವನು ಅಣ್ಣನ ಮಗ ರಸೆಲ್, ಅವರನ್ನು ಬಾಪ್ಪು, ಅಂದರೆ ಚಿಕ್ಕಪ್ಪ, ಎನ್ನುವವನು. ಮಂಗಳೂರಿನಿಂದ ಆರಕ್ಕೇ ಹೊರಟಿದ್ದಾನಂತೆ. ಆದರೆ ಶಿರಾಡಿಯಲ್ಲಿ ಮಣ್ಣು ಜರಿದು ಒಂದೊಂದೇ ಬದಿಯ ವಾಹನ ಬಿಡುತ್ತಿದ್ದರು.

“ಒಂದು ಫೋನ್ ಮಾಡಿ ಕೇಳಮ್ಮ, ಎಲ್ಲಿದಾನೆ ಅಂತ,” ಎಂದರು ಪಾದ್ರಿಗಳ ಕಡೆಯಿಂದ ಬಂದವರು.

ಡೆಲ್ಸಿಯ ಫೋನಿಗೆ ಮನೆಯಲ್ಲಿ ಸಿಗ್ನಲ್ ಸಿಗುತ್ತಿರಲಿಲ್ಲ. ಅವಳು ಅಪ್ಪನ ಹಳೆಯ ಗುಂಡಿ ಫೋನ್ ತೆಗೆದುಕೊಂಡಳು. ಕಿವಿ ಮಂದವಾದ ಮೇಲೆ ಅವರು ಅದರ ಸದ್ದನ್ನು ತುದಿಯವರೆಗೆ ಏರಿಸಿಟ್ಟಿದ್ದರು. ಒಂದನ್ನು ಒತ್ತಿ ಹಿಡಿದರೆ ರಸೆಲ್. ಅರ್ಧ ರಿಂಗು ಹೋಗಿ ಹೆಂಗಸಿನ ದನಿ ಬಂತು: “ನೀವು ಕರೆ ಮಾಡಿರುವ ಚಂದಾದಾರರು ಬೇರೊಂದು ಕರೆಯಲ್ಲಿ ಕಾರ್ಯನಿರತರಾಗಿದ್ದಾರೆ.” ಎರಡು ನಿಮಿಷ ಬಿಟ್ಟು ಮಾಡಿದಳು. ಅದೇ. ಮತ್ತೆ ಮಾಡಿದಳು. ಅರ್ಧ ರಿಂಗು, ಅದೇ ದನಿ.

ಅಂಗಳದ ಮೂಲೆಯಲ್ಲಿ ಮಕ್ಸೂದ್ ಕೊಡೆ ಹಿಡಿದು ನಿಂತಿದ್ದ. ಸಕಲೇಶಪುರದವನು, ಅಪ್ಪನ ನಲವತ್ತು ವರ್ಷದ ಗೆಳೆಯ, ಒಂದು ಕಾಲದ ಲಾರಿ ಡ್ರೈವರ್.

“ಮಕ್ಸೂದಣ್ಣ, ನಿಮ್ಮ ಫೋನ್ ಕೊಡ್ತೀರಾ?”

ಅವನ ಫೋನಿನಿಂದ ಮಾಡಿದಾಗ ರಸೆಲ್ ಎರಡನೇ ರಿಂಗಿಗೇ ಎತ್ತಿದ. “ಹಲೋ, ಯಾರು? ಹಾಂ ಡೆಲ್ಸಿ. ಗುಂಡ್ಯ ದಾಟಿದೆ, ಅರ್ಧ ಗಂಟೆ. ನನ್ನನ್ನು ಬಿಟ್ಟು ಪೆಟ್ಟಿಗೆ ಎತ್ತಬೇಡಿ ಮಾರಾಯ್ತಿ.”

ಅವಳು ಫೋನ್ ಹಿಂದಕ್ಕೆ ಕೊಟ್ಟಳು. ಮಕ್ಸೂದ್ ಅವಳ ಇನ್ನೊಂದು ಕೈಯಲ್ಲಿದ್ದ ಗುಂಡಿ ಫೋನನ್ನು ನೋಡಿ, ಕಣ್ಣು ಕೆಳಗೆ ಹಾಕಿದ.

“ನಿಮಗೆ ಗೊತ್ತಿತ್ತಾ?”

“ಎರಡು ವರ್ಷದ ಹಿಂದೆ ರೈಟ್ರು ಈ ಫೋನ್ ಹಿಡ್ಕಂಡ್ ನನ್ ತಾವ ಬಂದಿದ್ರು ಡೆಲ್ಸಮ್ಮ. ಕೆಟ್ಟೋಗ್ಬುಟ್ಟೈತೆ, ತೋರ್ಸು ಅಂದ್ರು. ಅಂಗ್ಡಿಯೋನು ನೋಡ್ದ. ಫೋನ್ ಚೆನ್ನಾಗೈತೆ, ಆ ಕಡೆಯೋರು ನಿಮ್ ನಂಬರ್ ಬ್ಲಾಕ್ ಮಾಡವ್ರೆ ಅಂದ.”

“ಪಪ್ಪನಿಗೆ ಹೇಳಿದ್ರಾ?”

“ಹೇಳ್ದೆ. ಫೋನ್ ಒರ್ಸಿ ಜೇಬಿಗಾಕ್ಕಂಡ್ರು. ಆಮೇಲೆ, ‘ಲಿಲ್ಲಿಗೆ ಗೊತ್ತಾಗ್ಬಾರ್ದು ಮಾರಾಯ’ ಅಂದ್ರು. ಅಷ್ಟೇಯ.”

ಕೆಲಸವಿರುವ ದಿನ ಡೆಲ್ಸಿ ಏಳೂವರೆಯ ಬಸ್ಸಿಗೆ ಸಕಲೇಶಪುರದ ಕಾಲೇಜಿನ ಲೈಬ್ರರಿಗೆ ಹೋಗುತ್ತಿದ್ದಳು. ಎಂಟು ಮೂವತ್ತೈದಕ್ಕೆ ಅವಳು ಮನೆಯಲ್ಲಿರುತ್ತಿದ್ದದ್ದು ಭಾನುವಾರ ಮಾತ್ರ. ಆ ಎಲ್ಲ ಭಾನುವಾರಗಳಲ್ಲಿ ಹಿಂಬದಿಯ ತನ್ನ ಕೋಣೆಯಿಂದ ಕೇಳಿದ್ದಳು, ಅಪ್ಪ ಜಗಲಿಯಲ್ಲಿ ಮಾತಾಡುವುದನ್ನು:

“ಹಾಂ ರಸೆಲ್. ಬಾಪ್ಪು. ಇವತ್ತು ಎರಡು ಇಂಚು ನಲವತ್ತು ಸೆಂಟ್... ಹೌದಾ?... ಹಾಂ, ಹಾಂ... ನೀರು ಅಲ್ಲಿ ಮುಟ್ಟುವಾಗ ಮಧ್ಯರಾತ್ರಿ ಆಗ್ತದೆ, ಆಗ ಉಬ್ಬರ, ಹೆದರಿಕೆ ಇಲ್ಲ... ಹಾಂ. ಸರಿ, ನಾಳೆ ಹೇಳ್ತೇನೆ.”

ನಡುವಿನ ಬಿಡುವುಗಳು ಸಹ ಸರಿಯಾಗಿದ್ದವು. ಆ ಕಡೆಯವನು ಒಂದು ಮಾತು ಹೇಳಲು ಎಷ್ಟು ಬೇಕೋ ಅಷ್ಟು.

ಅವಳು ಫೋನನ್ನು ಕಪ್ಪು ಸೀರೆಯ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಈ ಒಂದು ದಿನ. ಈ ಒಂದು ದಿನ ಮಮ್ಮಿಗೆ ಗೊತ್ತಾಗದೆ ಮುಗಿದರೆ ಸಾಕು.

*

ಪ್ಯಾಟ್ರಿಕ್ ಹುಟ್ಟಿದ್ದು ಆ ಅಳಿವೆಯ ದಡದಲ್ಲಿ, ದೋಣಿಯವರ ಮನೆಯಲ್ಲಿ. ಅಣ್ಣ ಲಾಜರ್ ಹತ್ತನೆಯ ವಯಸ್ಸಿಗೇ ಹುಟ್ಟು ಹಾಕುತ್ತಿದ್ದ. ತಮ್ಮ ದೋಣಿ ಹತ್ತಿದರೆ ವಾಂತಿ ಮಾಡುತ್ತಿದ್ದ. ಒಂದು ವರ್ಷ ಹಿಡಿದು ಕೂರಿಸಿದರು, ಹೊಡೆದರು, ಶುಂಠಿ ಕಚ್ಚಿಸಿದರು. ಆಗಲಿಲ್ಲ. ಕೊನೆಗೆ ಪಾದ್ರಿಗಳ ಒಂದು ಕಾಗದ ಕೊಟ್ಟು ಘಾಟಿ ಹತ್ತಿಸಿಬಿಟ್ಟರು. ಎಸ್ಟೇಟಿನಲ್ಲಿ ಮೊದಲು ಸ್ಟೋರಿನ ಕೆಲಸ, ಆಮೇಲೆ ರೈಟರ್. ಊರಿಗೆ ಹೋದಾಗಲೆಲ್ಲ ಲಾಜರ್ ದಡದವರಿಗೆಲ್ಲ ಕೇಳುವಂತೆ ಕೂಗುತ್ತಿದ್ದ: “ಬಂತು ನೋಡಿ, ಗುಡ್ಡೆಯ ಮೀನು!”

ರೈಟರ್ ಕೆಲಸದಲ್ಲಿ ಮಳೆ ಅಳೆಯುವುದೂ ಸೇರಿತ್ತು. ಒಂದು ಆಗಸ್ಟಿನಲ್ಲಿ ಪ್ಯಾಟ್ರಿಕ್ ಒಂದು ವಿಷಯ ಗಮನಿಸಿದರು. ಇಲ್ಲಿ ಐದಾರು ಇಂಚು ಸುರಿದ ಮಾರನೆಯ ದಿನ ಅಳಿವೆಯಲ್ಲಿ ದೋಣಿ ಮಗುಚಿದ ಸುದ್ದಿ ಬರುತ್ತಿತ್ತು. ಬೆಟ್ಟದ ನೀರು ಅಲ್ಲಿಗೆ ಮುಟ್ಟಲು ಹದಿನಾರು ಹದಿನೇಳು ಗಂಟೆ. ಅದು ಸಮುದ್ರದ ಉಬ್ಬರದ ಹೊತ್ತಿಗೆ ಮುಟ್ಟಿದರೆ ನದಿಯೊಳಗೇ ಹರಡಿಕೊಳ್ಳುತ್ತದೆ. ಇಳಿತದ ಹೊತ್ತಿಗೆ ಮುಟ್ಟಿದರೆ ಎರಡು ನೀರೂ ಸೇರಿ ಹೊರಕ್ಕೆ ನುಗ್ಗುತ್ತವೆ, ಎದುರಿಂದ ಅಲೆ ಬರುತ್ತದೆ, ಅಳಿವೆ ಗೋಡೆಯಂತೆ ಎದ್ದು ನಿಲ್ಲುತ್ತದೆ. ಉಬ್ಬರ ಇಳಿತದ ಲೆಕ್ಕ ಅಪ್ಪನಿಂದ ಬಾಯಿಪಾಠವಾಗಿತ್ತು: ಹುಣ್ಣಿಮೆ ಅಮಾವಾಸ್ಯೆಗೆ ಮಧ್ಯಾಹ್ನದ ಸುಮಾರಿಗೆ ಉಬ್ಬರ, ಅಲ್ಲಿಂದ ದಿನಕ್ಕೆ ಐವತ್ತು ನಿಮಿಷ ತಡ. ಅಡುಗೆಮನೆಯ ಇಗರ್ಜಿ ಕ್ಯಾಲೆಂಡರಿನ ಒಂದೊಂದು ಮನೆಯಲ್ಲೂ ಪೆನ್ಸಿಲಿನಲ್ಲಿ ಸಮಯ ಬರೆಯತೊಡಗಿದರು.

ಆಗ ಫೋನಿರಲಿಲ್ಲ. ಮಕ್ಸೂದನ ಲಾರಿ ಇತ್ತು. ಮಳೆ ಜೋರಾದ ಬೆಳಿಗ್ಗೆ ಪ್ಯಾಟ್ರಿಕ್ ಹೆದ್ದಾರಿಗೆ ಓಡಿ, ಲಾರಿ ನಿಲ್ಲಿಸಿ, ಚೀಟಿ ಕೊಡುತ್ತಿದ್ದರು.

“ಎಲ್ಲೂ ಟೀಗೆ ನಿಲ್ಲಿಸ್ಬೇಡ ಮಾರಾಯ. ನೀರಿಗಿಂತ ಮುಂಚೆ ಚೀಟಿ ಮುಟ್ಬೇಕು.”

“ನಾನು ಲಾರಿ ಓಡ್ಸೋದಾ, ಹೊಳೆ ಜತೆ ರೇಸ್ ಆಡೋದಾ ರೈಟ್ರೇ?” ಎನ್ನುತ್ತಿದ್ದ ಮಕ್ಸೂದ್. ಆದರೆ ನಿಲ್ಲಿಸುತ್ತಿರಲಿಲ್ಲ.

ಚೀಟಿ ಮುಟ್ಟಿದ ದಿನ ಲಾಜರ್ ತನ್ನ ಮನೆಯ ತೆಂಗಿನಮರಕ್ಕೆ ಒಂದು ಕೆಂಪು ಬಟ್ಟೆ ಕಟ್ಟುತ್ತಿದ್ದ. ಮೊದಮೊದಲು ಉಳಿದವರು ನಕ್ಕರು. ಕೆಲವು ಮಳೆಗಾಲ ಕಳೆದ ಮೇಲೆ, ದೋಣಿ ಇಳಿಸುವ ಮುಂಚೆ ಎಲ್ಲರೂ ಒಮ್ಮೆ ಆ ಮರವನ್ನು ನೋಡುವುದು ರೂಢಿಯಾಯಿತು. ಗುಡ್ಡೆಯ ಮೀನು ಎಂದು ಕರೆಯುವುದನ್ನು ಮಾತ್ರ ಯಾರೂ ಬಿಡಲಿಲ್ಲ.

ಲಾಜರ್ ಸತ್ತು ಒಂಬತ್ತು ವರ್ಷ. ದೋಣಿ ಮಗ ರಸೆಲನದಾಯಿತು. ಫೋನೂ ಅವನಿಗೇ ಹೋಗತೊಡಗಿತು.

*

ರಸೆಲ್ ಬಂದಾಗ ಹತ್ತೂಮುಕ್ಕಾಲು. ಕಾರನ್ನು ಅಂಗಳದ ಕೆಳಗಿನ ದಾರಿಯಲ್ಲಿ ನಿಲ್ಲಿಸಿ, ಓಡುತ್ತಲೇ ಬಂದು ಲಿಲಿಯನ್ನರ ಕಾಲ ಬಳಿ ಕುಸಿದು ಕೂತ.

“ಬಾಪ್ಪು ಹೀಗೆ ಹೋಗ್ತಾರೆ ಅಂತ ಯಾರಿಗೆ ಗೊತ್ತಿತ್ತು ಆಂಟಿ!”

ಲಿಲಿಯನ್ ಅವನ ತಲೆಯ ಮೇಲೆ ಕೈಯಿಟ್ಟರು. “ತಿಂಡಿ ತಿಂದು ಹೊರಟೆಯಾ?” ಎಂದು ಕೇಳಿದರು.

ಅವನು ಪೆಟ್ಟಿಗೆಯ ತಲೆಯ ಕಡೆ ಹೆಗಲು ಕೊಟ್ಟ. ಇನ್ನೊಂದು ಬದಿಗೆ ಲಕ್ಕಯ್ಯ, ಕಾಲಿನ ಕಡೆ ಇಗರ್ಜಿಯ ಇಬ್ಬರು. ಬಾಗಿಲು ದಾಟುವಾಗ ಭದ್ರಮ್ಮ ಎದೆ ಬಡಿದುಕೊಂಡು, “ಯಾರು ಕೂಗ್ತಾರೆ ಇನ್ನ ನಮ್ ಹೆಸರಾ, ರೈಟ್ರೇ!” ಎಂದು ಅತ್ತಳು. ಅದು ನಿಜವಾದ ಅಳು.

ಪೂಜೆಯ ಕೊನೆಗೆ ಪಾದ್ರಿಗಳು ಕುಟುಂಬದವರು ಎರಡು ಮಾತಾಡಬಹುದು ಎಂದರು. ಡೆಲ್ಸಿ ಒಂದು ಹಾಳೆಯಲ್ಲಿ ಬರೆದುಕೊಂಡಿದ್ದಳು. ಅದನ್ನು ಮತ್ತೆ ಮಡಿಸಿ ಇಟ್ಟುಕೊಂಡಳು. ರಸೆಲ್ ಎದ್ದ.

“ನಮ್ಮ ಬಾಪ್ಪುವಿಗೆ ದೋಣಿ ಹತ್ತಿದ್ರೆ ವಾಂತಿ,” ಎಂದು ಅವನು ಶುರುಮಾಡಿದಾಗ ಜನ ಸಣ್ಣಗೆ ನಕ್ಕರು. “ಆದ್ರೆ ಸಮುದ್ರದಿಂದ ನೂರು ಕಿಲೋಮೀಟರ್ ದೂರದಲ್ಲಿ, ಈ ಗುಡ್ಡೆಯಲ್ಲಿ ಕೂತು ನಮ್ಮ ದೋಣಿ ನಡೆಸಿದವರು ಅವರು. ಮೊದಲು ನನ್ನ ಅಪ್ಪನಿಗೆ, ಆಮೇಲೆ ನನಗೆ. ದಿನಾ ಬೆಳಿಗ್ಗೆ ಎಂಟು ಮೂವತ್ತೈದಕ್ಕೆ ಫೋನ್. ಒಂದು ದಿನ ತಪ್ಪಿಸ್ಲಿಲ್ಲ. ಇನ್ನು ಆ ಫೋನ್ ಬರುದಿಲ್ಲ.”

ಮುಂದಿನ ಬೆಂಚಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ಡೆಲ್ಸಿ ಪಕ್ಕದಲ್ಲಿದ್ದ ಅಮ್ಮನನ್ನು ನೋಡಿದಳು. ಲಿಲಿಯನ್ ನಿಧಾನವಾಗಿ ತಲೆಯಾಡಿಸುತ್ತಿದ್ದರು, ಗೊತ್ತಿರುವ ಪ್ರಾರ್ಥನೆಯನ್ನು ಇನ್ನೊಬ್ಬರ ಬಾಯಲ್ಲಿ ಕೇಳುವವರ ಹಾಗೆ. ಡೆಲ್ಸಿಗೆ ಸಮಾಧಾನವಾಯಿತು. ಸಮಾಧಾನವಾದದ್ದಕ್ಕೆ ನಾಚಿಕೆಯೂ ಆಯಿತು.

ಅಳಿವೆಯ ದೋಣಿಯವರು ಯಾರೂ ಬಂದಿರಲಿಲ್ಲ.

ಇಗರ್ಜಿಯ ಹಿಂದಿನ ಸಿಮಿಸ್ತ್ರಿಯಲ್ಲಿ, ಸಮಾಧಿಗಳ ನಡುವೆ ಗುಂಡಿ ತೋಡಿದ್ದ ಭೂತಯ್ಯ ಬಕೆಟ್ಟಿನಲ್ಲಿ ನೀರು ಮೊಗೆಯುತ್ತಿದ್ದ. ಮೊಗೆದಷ್ಟೂ ಒರತೆ.

“ಬೇಗ ಬುಡ್ರಪ್ಪ, ಕೈ ಬಿದ್ದೋಯ್ತು,” ಎಂದು ಗೊಣಗಿದ. “ರೈಟ್ರು ಇದ್ದಿದ್ರೆ ಇದ್ನೂ ಅಳ್ದು ಇಷ್ಟು ಸೆಂಟು ಅಂದ್ಬುಡೋರು.”

ಹಗ್ಗ ಸಡಿಲಿಸಿದರು. ತಳದಲ್ಲಿ ಉಳಿದಿದ್ದ ಮೊಣಕಾಲುದ್ದದ ನೀರಿಗೆ ಪೆಟ್ಟಿಗೆ ಇಳಿಯಲಿಲ್ಲ. ತೇಲಿತು. ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ ಓಲಾಡಿತು. ಡೆಲ್ಸಿ ಬಾಯಿಗೆ ಸೆರಗು ಒತ್ತಿಕೊಂಡಳು. ಪಪ್ಪನಿಗೆ ಆಗುವುದಿಲ್ಲ ಎಂದು ಕೂಗಬೇಕೆನಿಸಿತು. ಜನ ಒಬ್ಬೊಬ್ಬರಾಗಿ ಹಿಡಿಮಣ್ಣು ಹಾಕಿದರು. ಮಕ್ಸೂದ್ ಎರಡು ಹಿಡಿ ಹಾಕಿದ. ಪೆಟ್ಟಿಗೆ ನಿಂತಿತು.

*

ಎರಡು ವರ್ಷದ ಹಿಂದಿನ ಆಗಸ್ಟ್. ಪ್ಯಾಟ್ರಿಕ್ಕರಿಗೆ ಜ್ವರ ಬಂದು ಒಂದು ಹಗಲು, ಎರಡು ರಾತ್ರಿ ಕಣ್ಣು ಬಿಟ್ಟಿರಲಿಲ್ಲ. ಜ್ವರ ಏರುವ ಮುಂಚೆ ಹೆಂಡತಿಗೆ ಹೇಳಿದ್ದರು, “ಲಿಲ್ಲಿ, ನಾಳೆ ಬೆಳಿಗ್ಗೆ ಡಬ್ಬಿ ನೋಡು. ಎಷ್ಟು ಅಂತ ಬರೆದಿಡು, ಬರೆಯದಿದ್ದರೂ ಪರವಾಗಿಲ್ಲ, ಚೆಲ್ಲುವುದು ಮರೆಯಬೇಡ.”

ಮೂರನೆಯ ದಿನ ಭಾನುವಾರ. ಗೋಡೆ ಹಿಡಿದುಕೊಂಡು ಎದ್ದರು. ಗಂಬೂಟು ಹಾಕಿಕೊಂಡು ಹೋಗಿ ಅಳೆದರು. ಡೆಲ್ಸಿ ಜಗಲಿಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದಳು. ಅಪ್ಪನ ಮುಖ ಕಂಡು ಬಾಚಣಿಗೆ ಕೈಯಲ್ಲೇ ನಿಂತಿತು.

“ಏಳು ಇಂಚು ಹತ್ತು ಸೆಂಟ್! ಒಂದೇ ದಿನಕ್ಕೆ!” ಅಡುಗೆಮನೆಯ ಕಡೆ ತಿರುಗಿ ಕೂಗಿದರು. “ಲಿಲ್ಲಿ, ನಿನ್ನೆ ನೀನು ಚೆಲ್ಲಿದ್ದೆ ಅಲ್ವಾ?”

ಒಳಗೆ ಪಾತ್ರೆಯ ಸದ್ದು ನಿಂತಿತು.

“ಹೂಂ,” ಎಂದರು ಲಿಲಿಯನ್.

ಪ್ಯಾಟ್ರಿಕ್ ಕ್ಯಾಲೆಂಡರ್ ನೋಡಿ ಬಂದರು. ನಾಳೆ ನಸುಕಿನಿಂದ ಇಳಿತ. ಗೋಡೆಗೆ ಒರಗಿ ಫೋನಿನಲ್ಲಿ ಒಂದನ್ನು ಒತ್ತಿ ಹಿಡಿದರು. “ರಸೆಲ್, ನಾಳೆ ಇಳಿಸಬೇಡ. ಯಾರನ್ನೂ ಇಳಿಸಲಿಕ್ಕೆ ಬಿಡಬೇಡ. ಅಳಿವೆ ಎದ್ದು ನಿಲ್ತದೆ. ನನ್ನ ಮಾತು ಕೇಳು.”

ರಸೆಲ್ ಕೇಳಿದ. ಅದು ಅವನು ಕೇಳಿದ ಕೊನೆಯ ಮಾತು.

*

ಮಣ್ಣು ಮುಗಿಸಿ ಎಲ್ಲರೂ ಮನೆಗೆ ಬಂದರು. ಕೈಕಾಲು ತೊಳೆದವರಿಗೆ ಕಾಫಿ, ಬನ್ನು. ರಸೆಲ್ ಮನೆಯ ಹಿಂದಿನ ಸೌದೆ ಕೊಟ್ಟಿಗೆಯ ಮಾಡಿನಡಿ ಸಿಗರೇಟು ಹಚ್ಚಿದ್ದ. ಡೆಲ್ಸಿ ಅಲ್ಲಿಗೆ ಹೋದಳು. ಹೇಗೆ ಶುರು ಮಾಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆಲ್ಲ ಅವನ ಎದುರು ನಿಂತಾಗ ಮರೆತುಹೋಯಿತು. ಸೊಂಟದಿಂದ ಅಪ್ಪನ ಫೋನ್ ತೆಗೆದು ಅವನ ಮುಂದೆ ಹಿಡಿದಳು.

ಅವನಿಗೆ ಅರ್ಥವಾಯಿತು. ಸಿಗರೇಟು ಕೆಳಗೆ ಹಾಕಿದ.

“ನೋಡು ಡೆಲ್ಸಿ. ಆ ಹೊತ್ತಿನಲ್ಲಿ ಬಂದರಿನ ದಕ್ಕೆಯಲ್ಲಿ ಮೀನು ಏಲಂ ಆಗ್ತಾ ಇರ್ತದೆ. ಅವರು ಶುರು ಮಾಡಿದ್ರೆ ಕಾಲು ಗಂಟೆ. ಇಂಚು, ಸೆಂಟು, ಹುಣ್ಣಿಮೆ, ಎಂತೆಂತದೋ.”

“ಬ್ಯುಸಿ ಇದ್ದೇನೆ ಅಂತ ಹೇಳಬಹುದಿತ್ತು.”

“ಒಂದು ಸಲ ಹೋಗ್ಬೇಡ ಅಂದ್ರು. ನಾನು ಹೋಗ್ಲಿಲ್ಲ. ಮಾತ್ರ ಅಲ್ಲ, ಬೇರೆಯವರ ದೋಣಿಗೂ ಅಡ್ಡ ನಿಂತು ಜಗಳ ಮಾಡಿದೆ. ಅವರೆಲ್ಲ ನನ್ನನ್ನು ದೂಡಿ ಹೋದ್ರು. ಅಳಿವೆ ಕೆರೆಯ ಹಾಗೆ ಮಲಗಿತ್ತು ಮಾರಾಯ್ತಿ! ಸಂಜೆ ಬಂಗುಡೆ ತುಂಬಿಸ್ಕೊಂಡು ಬಂದ್ರು. ಇಡೀ ದಕ್ಕೆ ಒಂದು ತಿಂಗಳು ನನ್ನನ್ನು ಕಂಡ್ರೆ ಕೇಳ್ತಿತ್ತು, ಗುಡ್ಡೆಯ ಮೀನು ಇವತ್ತು ಎಂತ ಹೇಳ್ತದೆ ಅಂತ. ಆ ಸಿಟ್ಟಿಗೆ ಒತ್ತಿಬಿಟ್ಟೆ. ಆಮೇಲೆ ತೆಗೀಲಿಕ್ಕೆ ಮರ್ತುಹೋಯ್ತು.”

“ಎರಡು ವರ್ಷ?”

ಅವನು ಜೇಬಿನಿಂದ ತನ್ನ ಫೋನ್ ತೆಗೆದ, ಮಾತು ಬದಲಿಸಲೋ ಎಂಬಂತೆ ತೆರೆಯನ್ನು ಅವಳತ್ತ ತಿರುಗಿಸಿದ. “ಈಗ ಎಲ್ಲ ಆ್ಯಪಿನಲ್ಲಿ ಬರ್ತದಲ್ಲ. ಇಲ್ಲಿ ನೋಡು, ಅಲೆ ಎಷ್ಟು, ಗಾಳಿ ಎಷ್ಟು, ಉಬ್ಬರ ಎಷ್ಟು ಗಂಟೆಗೆ. ನಾಳೆಗೆ ಹಸಿರು ತೋರಿಸ್ತಾ ಉಂಟು. ಬೆಳಿಗ್ಗೆ ದೋಣಿ ಇಳಿಸಬೇಕು, ಅದಕ್ಕೇ ನಾನು ಈಗ ಹೊರಡುದು.”

ಮಾಡಿನ ಅಂಚಿನಿಂದ ನೀರು ಹಗ್ಗದಂತೆ ಸುರಿಯುತ್ತಿತ್ತು. “ಈ ಮಳೆ ಅದರಲ್ಲಿದೆಯಾ?” ಎಂದು ಕೇಳಿದಳು ಡೆಲ್ಸಿ.

“ಇದು ಗುಡ್ಡೆಯ ಮಳೆ ಅಲ್ವಾ,” ಎಂದ ರಸೆಲ್. ಆಮೇಲೆ ದನಿ ತಗ್ಗಿಸಿ, “ಈಗ ತೆಗೀಲಾ? ಬ್ಲಾಕ್?”

“ಯಾರ ಫೋನ್ ಬರಲಿಕ್ಕೆ?”

ಅವನ ಮುಖ ಸಣ್ಣದಾಯಿತು. “ಆಂಟಿಗೆ ಹೇಳ್ಬೇಡ ಡೆಲ್ಸಿ. ನಿನ್ನ ದಮ್ಮಯ್ಯ.”

ಹೇಳುವುದಿಲ್ಲ ಎಂದು ಅವಳು ತಲೆಯಾಡಿಸಿದಳು. ಅವನಿಗಾಗಿ ಅಲ್ಲ ಎನ್ನಬೇಕೆಂದುಕೊಂಡಳು, ಅನ್ನಲಿಲ್ಲ. ಅವನಿಗಿಂತ ಮುಂಚೆ ಒಳಗೆ ನಡೆದಳು.

ಒಳಗೆ ಅಮ್ಮ ಇರಲಿಲ್ಲ.

*

ಲಿಲಿಯನ್ ಅಂಗಳದ ತುದಿಯಲ್ಲಿದ್ದರು. ಕಾಲಿಗೆ ಗಂಡನ ಗಂಬೂಟು. ಕಪ್ಪು ಸೀರೆಯ ನೆರಿಗೆಯನ್ನು ಅದರೊಳಗೆ ತುರುಕಿಕೊಂಡು, ಡಬ್ಬಿಯ ಎದುರು ಮೊಣಕಾಲೂರಿ, ಲಾಳಿಕೆ ತೆಗೆದು, ಒಳಗಿನ ನೀರನ್ನು ಅಳತೆಯ ಗ್ಲಾಸಿಗೆ ಬಗ್ಗಿಸುತ್ತಿದ್ದರು. ಒಂದು ಗ್ಲಾಸಿಗೆ ಅರ್ಧ ಇಂಚು. ಅಳೆದದ್ದನ್ನು ಪಕ್ಕದ ಬಕೆಟ್ಟಿಗೆ ಸುರಿದು ಮತ್ತೆ ತುಂಬುತ್ತಿದ್ದರು. ತುಟಿ ಎಣಿಸುತ್ತಿತ್ತು.

ಟಾರ್ಪಾಲಿನಡಿ ಕಾಫಿ ಲೋಟ ಹಿಡಿದ ಜನ ಮಾತು ನಿಲ್ಲಿಸಿ ನೋಡುತ್ತಿದ್ದರು.

“ತಲೆ ಕೆಟ್ಟೋಯ್ತಾ ಏನ್ ಕತೆ,” ಎಂದು ಲಕ್ಕಯ್ಯ ಪಿಸುಗುಟ್ಟಿದ.

“ಸುಮ್ಕಿರೋ,” ಎಂದಳು ಭದ್ರಮ್ಮ.

ಹನ್ನೊಂದು ಗ್ಲಾಸು ತುಂಬಿತು. ಹನ್ನೆರಡನೆಯದನ್ನು ಲಿಲಿಯನ್ ಕಣ್ಣಿನ ಎತ್ತರಕ್ಕೆ ಹಿಡಿದು ಗೆರೆ ನೋಡಿದರು. ಗಂಡನ ಹಾಗೆಯೇ, ಒಂದು ಕಣ್ಣು ಮುಚ್ಚಿ.

“ಡೆಲ್ಸಿ, ಪಪ್ಪನ ಫೋನ್ ತಾ.”

“ಮಮ್ಮಿ, ಅದರ ಚಾರ್ಜ್ ಮುಗಿದಿದೆ.”

“ತಾ.”

“ರಸೆಲ್ ಇಲ್ಲೇ ಇದಾನಲ್ಲ ಮಮ್ಮಿ. ಫೋನ್ ಯಾಕೆ? ಅವನಿಗೇ ಹೇಳು.”

ಲಿಲಿಯನ್ ಕೈ ಚಾಚಿಯೇ ಇದ್ದರು. ಡೆಲ್ಸಿ ಕೊಟ್ಟಳು. ಹತ್ತು ಹೆಜ್ಜೆ ಆಚೆ, ಕಾರಿನ ದಾರಿಗೆ ಇಳಿಯುವಲ್ಲಿ, ರಸೆಲ್ ಕೀಲಿ ಕೈಯಲ್ಲಿ ಹಿಡಿದು ನಿಂತುಬಿಟ್ಟಿದ್ದ. ಲಿಲಿಯನ್ ಒಂದನ್ನು ಒತ್ತಿ ಹಿಡಿದದ್ದನ್ನು ನೋಡಿ ಅವನು ಗಡಬಡಿಸಿ ತನ್ನ ಫೋನ್ ತೆಗೆದ. ಅವನ ಹೆಬ್ಬೆರಳು ತೆರೆಯ ಮೇಲೆ ಮೇಲಕ್ಕೂ ಕೆಳಕ್ಕೂ ಓಡಾಡಿತು. ಬ್ಲಾಕ್ ತೆಗೆಯುವ ಜಾಗ ಅವನಿಗೆ ಸಿಗಲಿಲ್ಲ. ಮಳೆಹನಿ ಬಿದ್ದ ತೆರೆ ಬೆರಳಿಗೆ ಒಗ್ಗಲಿಲ್ಲ.

ಅವನ ಫೋನ್ ರಿಂಗಾಗಲಿಲ್ಲ. ಕಿವಿ ಮಂದವಾದವರ ಫೋನಿನಿಂದ ಅಂಗಳಕ್ಕೆಲ್ಲ ಕೇಳುವಂತೆ ಹೆಂಗಸಿನ ದನಿ ಬಂತು: “ನೀವು ಕರೆ ಮಾಡಿರುವ ಚಂದಾದಾರರು...”

ಲಿಲಿಯನ್ನರ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. ಡೆಲ್ಸಿಗೆ ಆಗ ಹೊಳೆಯಿತು. ಈ ದನಿ ಹಿಂಬದಿಯ ತನ್ನ ಕೋಣೆಗೆ ಮುಟ್ಟದಿದ್ದರೂ ಎರಡು ವರ್ಷ, ದಿನವೂ, ಜಗಲಿಯಿಂದ ಅಡುಗೆಮನೆಗೆ ಹೀಗೆಯೇ ಕೇಳಿಸುತ್ತಿತ್ತು. ಅಪ್ಪ ಯಾರಿಗಾಗಿ ಆ ಮಾತಿನಾಟ ಆಡುತ್ತಿದ್ದರೋ, ಅವರು ಒಳಗೆ ನಿಂತು ಎಲ್ಲವನ್ನೂ ಕೇಳುತ್ತ, ಏನೂ ಕೇಳದವರಂತೆ ದೋಸೆ ತಿರುವುತ್ತಿದ್ದರು.

“ಹಾಂ ರಸೆಲ್,” ಎಂದರು ಲಿಲಿಯನ್ ಫೋನಿಗೆ. ರಸೆಲನಿಗೆ ಬೆನ್ನು ಹಾಕಿ, ಪಶ್ಚಿಮಕ್ಕೆ ಮುಖ ಮಾಡಿದ್ದರು. “ಬಾಪ್ಪು ಅಲ್ಲ, ಆಂಟಿ. ಐದು ಇಂಚು ಎಪ್ಪತ್ತು ಸೆಂಟ್. ಆದರೆ ಇದು ಎರಡು ದಿನದ ಮಳೆ. ಕೇಳಿತಾ? ಒಂದು ದಿನದ್ದಲ್ಲ. ನಿನ್ನೆ ಯಾರೂ ಚೆಲ್ಲಲಿಲ್ಲ. ಇದರಲ್ಲಿ ನಿನ್ನೆಯದೆಷ್ಟು, ಇವತ್ತಿನದೆಷ್ಟು ನನಗೆ ಗೊತ್ತಿಲ್ಲ. ಅವರಿದ್ದರೆ ಹೆಂಚಿನ ಮೇಲಿನ ಸದ್ದಿನಲ್ಲೇ ಹೇಳುತ್ತಿದ್ದರು.”

ಒಬ್ಬರು ಒಂದು ಮಾತು ಹೇಳಲು ಎಷ್ಟು ಬೇಕೋ ಅಷ್ಟು ಹೊತ್ತು ಬಿಟ್ಟರು. ಹೆಂಗಸಿನ ದನಿ ಈಗ ಇಂಗ್ಲಿಷಿನಲ್ಲಿ ಅದನ್ನೇ ಹೇಳುತ್ತಿತ್ತು.

“ಆ ವರ್ಷದ್ದೂ ಎರಡು ದಿನದ್ದೇ. ಏಳು ಇಂಚು ಹತ್ತು ಸೆಂಟ್. ಜ್ವರದಲ್ಲಿ ಅವರ ಹಣೆಗೆ ಬಟ್ಟೆ ಹಾಕ್ತಾ ಕೂತಿದ್ದೆ. ಚೆಲ್ಲುವುದು ಮರೆತೆ. ಕೇಳಿದಾಗ ಚೆಲ್ಲಿದ್ದೇನೆ ಅಂತ ಹೂಂ ಅಂದೆ. ಅವರ ಲೆಕ್ಕ ತಪ್ಪಲಿಲ್ಲ ರಸೆಲ್. ನಾನು ಹೂಂ ಅಂದದ್ದು ತಪ್ಪು. ಹೇಳಬೇಕು ಅಂತ ದಿನಾ ಅಂದುಕೊಂಡೆ. ಅವರು ದಿನಾ ನಿನ್ನ ಹತ್ತಿರ ಮಾತಾಡ್ತಾ ಇದ್ದರು. ಮಧ್ಯೆ ಹೋಗಿ ಹೇಗೆ ಹೇಳುವುದು?”

ಮಕ್ಸೂದ್ ಟೊಪ್ಪಿ ತೆಗೆದು ಕೈಯಲ್ಲಿ ಹಿಂಡಿದ. ಟಾರ್ಪಾಲಿನಡಿ ಯಾರೂ ಲೋಟ ಕೆಳಗಿಡಲಿಲ್ಲ.

ರಸೆಲ್ ಎರಡು ಹೆಜ್ಜೆ ಮುಂದೆ ಬಂದ. ಸದ್ದಿಲ್ಲದ ತನ್ನ ಫೋನನ್ನು, ಏನು ಮಾಡುತ್ತಿದ್ದೇನೆಂದು ತಿಳಿಯದವನಂತೆ, ಕಿವಿಗೆ ಇಟ್ಟುಕೊಂಡಿದ್ದ.

“ಕೇಳ್ತಾ ಉಂಟು ಆಂಟಿ,” ಎಂದ. “ಆಂಟಿ, ಕೇಳ್ತಾ ಉಂಟು.”

ಲಿಲಿಯನ್ ತಿರುಗಲಿಲ್ಲ.

“ಏನೂ ಕೇಳಿಸ್ತಾ ಇಲ್ಲ,” ಎಂದರು ಫೋನಿಗೆ. “ಸರಿ, ನಾಳೆ ಹೇಳ್ತೇನೆ.”

ಫೋನನ್ನು ಡೆಲ್ಸಿಯ ಕೈಗೆ ಕೊಟ್ಟರು. ಬಕೆಟ್ಟು ಎತ್ತಿ ಎರಡು ದಿನದ ನೀರನ್ನು ಅಂಗಳದ ಮುಂಬದಿಗೆ ಚೆಲ್ಲಿದರು. ಲಾಳಿಕೆಯನ್ನು ಡಬ್ಬಿಯ ಬಾಯಿಗೆ ಕೂರಿಸಿ, ಹಿತ್ತಾಳೆಯ ಬಳೆಯನ್ನು ಸೆರಗಿನಿಂದ ಒರೆಸಿದರು. ಚೆಲ್ಲಿದ ನೀರು ಕೆಂಪಾಗಿ, ರಸೆಲನ ಬೂಟುಗಳನ್ನು ಬಳಸಿ, ಕೆಳಗಿನ ದಾರಿಗೆ ಇಳಿಯಿತು. ಅಲ್ಲಿ ಕಾರಿನ ಚಕ್ರಗಳ ಅಡಿಯಿಂದ ನುಸುಳಿ, ಅವನಿಗಿಂತ ಮುಂಚೆ ಘಾಟಿಯ ಕಡೆ ಹರಿಯತೊಡಗಿತು.